ಮುಂಬೈಯ ಕಪಾಟಿನಲ್ಲಿ ನಮ್ಮ ಜಿಲ್ಲೆಗಳು

ಬುಧವಾರ

ನಮ್ಮ ಕಡೆಯವರು ಮುಂಬೈಗೆ ಹೋಗುವುದು ಮದುವೆಗೆ, ಇಲ್ಲಾ ದವಾಖಾನೆಗೆ. ಮ್ಯೂಸಿಯಂ ನೋಡಲು ನರಗುಂದದಿಂದ ಡೊಂಬಿವಲಿವರೆಗೆ ಬಂದಿದ್ದೇನೆ ಎಂದರೆ ಭಾವ ನಂಬಲೇ ಇಲ್ಲ. "ಖರೇನ ಹೇಳು, ಡಾಕ್ಟರ್ ಕಡೆ ಏನರ ತೋರ್ಸೂದೈತೇನು?" ಎಂದು ಅಕ್ಕನ ಎದುರೇ ಕೇಳಿದರು.

ಕಾರಣ ಅಕ್ಕನ ಮಗಳು. ಅವಳು ಧಾರವಾಡದ ಹತ್ತಿಯ ಇತಿಹಾಸದ ಮೇಲೆ ಪಿಎಚ್‌ಡಿ ಮಾಡುತ್ತಿದ್ದಾಳೆ. ಹುಟ್ಟಿ ಬೆಳೆದದ್ದು ಡೊಂಬಿವಲಿಯಲ್ಲಿ. ಬೇಸಿಗೆ ರಜೆಗೆ ನಮ್ಮೂರಿಗೆ ಬರುವ ಹೊತ್ತಿಗೆ ಹೊಲದಲ್ಲಿ ಬರೀ ಹತ್ತಿಕಟ್ಟಿಗೆ ಉಳಿದಿರುತ್ತಿತ್ತು. ಆದರೂ ನಮ್ಮ ಹೊಲದಲ್ಲಿ ನೂರೆಂಬತ್ತು ವರ್ಷದ ಹಿಂದೆ ಏನು ಬಿತ್ತುತ್ತಿದ್ದರು ಅನ್ನೋದು ನನಗಿಂತ ಅವಳಿಗೇ ಜಾಸ್ತಿ ಗೊತ್ತು. "ಮಾಮಾ, ನಿಮ್ಮೂರ ಕಾಗದ ಎಲ್ಲಾ ಇಲ್ಲೇ ಅದಾವ. ಒಮ್ಮೆ ಬಂದ್ ನೋಡ್ರಿ" ಎಂದು ಫೋನಿನಲ್ಲಿ ಹೇಳುತ್ತಲೇ ಇದ್ದಳು. ಬೆಳಗಿನ ಜಾವ ಕಲ್ಯಾಣದಲ್ಲಿ ಇಳಿದವನು ಸ್ನಾನ ಮಾಡಿ, ಉಪ್ಪಿಟ್ಟು ತಿಂದು ಮಲಗಿಬಿಟ್ಟೆ. ಆ ದಿನದ ಕಥೆ ಅಷ್ಟೇ.

ಗುರುವಾರ

ಫಾಸ್ಟ್ ಲೋಕಲ್ ಹಿಡಿದು ಸಿಎಸ್‌ಎಂಟಿಯಲ್ಲಿ ಇಳಿದೆವು. ಅಲ್ಲಿಂದ ಫೋರ್ಟ್ ದಾಟಿ ಕಾಳಾ ಘೋಡಾವರೆಗೆ ನಡಿಗೆ. ನೋಡಬೇಕಿದ್ದದ್ದು ಛತ್ರಪತಿ ಶಿವಾಜಿ ಮಹಾರಾಜ್ ವಸ್ತು ಸಂಗ್ರಹಾಲಯ. ಹಳಬರಿಗೆ ಇದು ಇನ್ನೂ ಪ್ರಿನ್ಸ್ ಆಫ್ ವೇಲ್ಸ್ ಮ್ಯೂಸಿಯಂ. 1905ರಲ್ಲಿ ಬ್ರಿಟಿಷ್ ಯುವರಾಜ ಬಂದಾಗ ಅಡಿಗಲ್ಲು ಹಾಕಿದರು. 1914ರ ಹೊತ್ತಿಗೆ ಕಟ್ಟಡ ಮುಗಿಯಿತು, ಆದರೆ ಅಷ್ಟರಲ್ಲಿ ಮಹಾಯುದ್ಧ ಶುರುವಾಯಿತು. ಮ್ಯೂಸಿಯಂ ಆಗಬೇಕಿದ್ದ ಹಾಲ್‌ಗಳಲ್ಲಿ ಗಾಯಾಳು ಸೈನಿಕರ ಹಾಸಿಗೆ ಹಾಕಿದರು. ಜನರಿಗೆ ಬಾಗಿಲು ತೆರೆದದ್ದು 1922ರ ಜನವರಿಯಲ್ಲಿ.

ಗೇಟು ದಾಟಿ ತೋಟದಲ್ಲಿ ನಿಂತು ತಲೆ ಎತ್ತಿದರೆ ವಿಜಯಪುರದವರಿಗೆ ಯಾರೂ ಏನೂ ಹೇಳಬೇಕಾಗಿಲ್ಲ. ನಡುವೆ ಕೂತಿರುವ ಗುಮ್ಮಟ ನೋಡಿದರೆ ಸಾಕು. ಕಟ್ಟಡದ ನಕ್ಷೆ ಮಾಡಿದ ಜಾರ್ಜ್ ವಿಟೆಟ್ ಗೋಲಗುಮ್ಮಟವನ್ನು ಮಾದರಿಯಾಗಿ ಇಟ್ಟುಕೊಂಡಿದ್ದ. ಗೇಟ್‌ವೇ ಆಫ್ ಇಂಡಿಯಾದ ನಕ್ಷೆಯೂ ಇವನದೇ. ನಮ್ಮ ಗೋಲಗುಮ್ಮಟ 1656ರದು. ಅದರ ಗಾತ್ರದ ಮುಂದೆ ಇದು ಚಿಕ್ಕದು, ಬಿಡಿ. ಆದರೆ ಮುಂಬೈಯ ನಟ್ಟನಡುವೆ, ಕುರ್ಲಾದ ಹಳದಿ ಕಲ್ಲಿನ ಮೇಲೆ ಆದಿಲ್‌ಶಾಹಿ ಗುಮ್ಮಟದ ನೆನಪು ನಿಂತಿದೆ ಅಲ್ವಾ, ಖುಷಿಯಾಯಿತು. ಸೆಲ್ಫಿ ತೆಗೆದುಕೊಳ್ಳುತ್ತಿದ್ದ ಒಂದು ಗುಂಪಿಗೆ ಹೇಳಬೇಕು ಅನ್ನಿಸಿತು. ಹುಡುಗಿ ತೋಳು ಹಿಡಿದು ಒಳಗೆ ಎಳೆದುಕೊಂಡು ಹೋದಳು.

ಶಿಲ್ಪಗಳ ಗ್ಯಾಲರಿಯಲ್ಲಿ ನಾನು ಜಾಸ್ತಿ ಹೊತ್ತು ನಿಂತದ್ದು ಐಹೊಳೆಯ ಕಲ್ಲುಗಳ ಎದುರು. ಹುಚ್ಚಪ್ಪಯ್ಯ ಗುಡಿಯ ಚಾವಣಿಯ ಹಾಸುಗಲ್ಲುಗಳು, 7ನೇ ಶತಮಾನದವು. ಒಂದರಲ್ಲಿ ಬ್ರಹ್ಮ, ಒಂದರಲ್ಲಿ ಶಿವ ಪಾರ್ವತಿ, ಇನ್ನೊಂದರಲ್ಲಿ ಹಾವಿನ ಮೇಲೆ ವಿಷ್ಣು. ಐಹೊಳೆಗೆ ಹೋದವರಿಗೆ ಆ ಗುಡಿಗಳ ಒಳಗಿನ ಕತ್ತಲೆ ಗೊತ್ತು. ಕತ್ತು ಹಿಂದಕ್ಕೆ ಮಾಡಿ, ಮೊಬೈಲ್ ಟಾರ್ಚ್ ಹಾಕಿ ಮೇಲೆ ನೋಡಬೇಕು. ಒಂದು ನಿಮಿಷಕ್ಕೆ ಕತ್ತು ನೋಯುತ್ತದೆ. ಇಲ್ಲಿ ಅದೇ ಬ್ರಹ್ಮ ನನ್ನ ಎದುರಿಗೆ, ಒಳ್ಳೆ ಬೆಳಕಿನಲ್ಲಿ ಇದ್ದಾನೆ. ಸುತ್ತಲಿನ ಋಷಿಗಳ ಗಡ್ಡ, ಜಟೆ ಸಹಿತ ಕಾಣುತ್ತದೆ. ಕೆಂಪು ಮರಳುಗಲ್ಲಿನ ಮೇಲೆ ಉಳಿ ಎಲ್ಲಿ ಆಳಕ್ಕೆ ಹೋಗಿದೆ, ಎಲ್ಲಿ ಸುಮ್ನೆ ಸವರಿದೆ ಅನ್ನುವುದೂ ಗೊತ್ತಾಗುತ್ತದೆ. ಕೆತ್ತಿದವನು ಇಷ್ಟು ಹತ್ತಿರದಿಂದ ನೋಡಲಿ ಅಂತ ಕೆತ್ತಿರಲಿಕ್ಕಿಲ್ಲ. ಕೆಳಗೆ ನಿಂತವನಿಗೆ ಕಾಣುವಷ್ಟು ಸಾಕು ಎಂದು ಬಿಡಬಹುದಿತ್ತು. ಬಿಟ್ಟಿಲ್ಲ.

ಇವು ಅಲ್ಲೇ ಇರಬೇಕಿತ್ತಾ? ಪ್ರಶ್ನೆ ತಲೆಗೆ ಬರದೇ ಇರುವುದಿಲ್ಲ. ಈ ಮ್ಯೂಸಿಯಂನ ಪುರಾತತ್ವ ವಿಭಾಗ ಶುರುವಾದದ್ದೇ ಹೆನ್ರಿ ಕಸೆನ್ಸ್ ಪುಣೆಯಲ್ಲಿ ಸೇರಿಸಿಟ್ಟಿದ್ದ ಸಂಗ್ರಹದಿಂದ. ಕಸೆನ್ಸ್ ಪಶ್ಚಿಮ ಭಾರತದ ಪುರಾತತ್ವ ಸರ್ವೆಯ ಅಧಿಕಾರಿ. ವಿಜಯಪುರ, ಬಾದಾಮಿ, ಐಹೊಳೆ, ಲಕ್ಕುಂಡಿ ಎಲ್ಲಾ ಸುತ್ತಿ, ಅಳೆದು, ಫೋಟೊ ತೆಗೆದವನು. ಆ ಕಾಲಕ್ಕೆ ಐಹೊಳೆಯ ಎಷ್ಟೋ ಗುಡಿಗಳಲ್ಲಿ ಜನ ಸಂಸಾರ ಮಾಡಿಕೊಂಡಿದ್ದರು, ದನ ಕಟ್ಟುತ್ತಿದ್ದರು. ಗುಡಿಗಳಿಗೆ ಅಲ್ಲಿ ಇದ್ದವರ ಹೆಸರೇ ನಿಂತಿದೆ. ಲಾಡ್ ಖಾನ್ ಗುಡಿ ನೆನಪು ಮಾಡಿಕೊಳ್ಳಿ. ಹಾಗಾಗಿ "ಕದ್ದು ಒಯ್ದರು" ಎಂದು ಒಂದೇ ಏಟಿಗೆ ಹೇಳಲು ನನಗೆ ಮನಸ್ಸಾಗುವುದಿಲ್ಲ. ಹಾಗಂತ ಹುಚ್ಚಪ್ಪಯ್ಯ ಗುಡಿಯ ಚಾವಣಿ ಬರಿದಾಗಿದೆ ಅನ್ನುವುದೂ ಸುಳ್ಳಲ್ಲ.

ಮಿಕ್ಕ ಗ್ಯಾಲರಿಗಳನ್ನು ಬೇಗ ಬೇಗ ನೋಡಿದೆವು. ಮೀರ್‌ಪುರ್ ಖಾಸ್‌ನ ಸುಟ್ಟ ಮಣ್ಣಿನ ಬುದ್ಧ ಚಂದ. ರತನ್ ಟಾಟಾ, ದೊರಾಬ್ ಟಾಟಾ ಅಣ್ಣತಮ್ಮಂದಿರು ಕೊಟ್ಟ ಸಂಗ್ರಹ ಬಹಳ ದೊಡ್ಡದು. ಚೀನಾದ ಪಿಂಗಾಣಿ ನನಗೆ ಹಿಡಿಸಲಿಲ್ಲ, ಅಲ್ಲಿ ಬೆಂಚು ಇದ್ದದ್ದು ಹಿಡಿಸಿತು. ಸಂಜೆ ಹೊರಗೆ ಬಂದು ಚಾ ಕುಡಿಯುವಾಗ ಹುಡುಗಿ ಹೇಳಿದಳು: "ಕಲ್ಲು ಎಲ್ಲಾರೂ ನೋಡ್ತಾರ ಮಾಮಾ. ನಾಳೆ ಯಾರೂ ನೋಡದ್ದು ತೋರಸ್ತೀನಿ."

ಶುಕ್ರವಾರ

ಯಾರೂ ನೋಡದ್ದು ಇರುವುದು ಮ್ಯೂಸಿಯಂನಿಂದ ಐದು ನಿಮಿಷದ ದಾರಿಯಲ್ಲಿ, ಅದೇ ಮಹಾತ್ಮಾ ಗಾಂಧಿ ರಸ್ತೆಯಲ್ಲಿ. ಎಲ್ಫಿನ್‌ಸ್ಟನ್ ಕಾಲೇಜಿನ ಕಲ್ಲಿನ ಕಟ್ಟಡ. ಪಕ್ಕದಲ್ಲಿ ಡೇವಿಡ್ ಸಸೂನ್ ಲೈಬ್ರರಿ. ಎದುರಿಗೆ ಜನ ಕಾಳಾ ಘೋಡಾ, ಅಂದರೆ ಆ ಕಪ್ಪು ಕುದುರೆಯ ಪ್ರತಿಮೆಯ ಫೋಟೊ ತೆಗೆಯುತ್ತಿರುತ್ತಾರೆ. ಕಾಲೇಜು ಕಟ್ಟಡದಲ್ಲೇ ಮಹಾರಾಷ್ಟ್ರ ರಾಜ್ಯ ಪತ್ರಾಗಾರವೂ ಇದೆ. 1821ರಲ್ಲಿ ಬಾಂಬೆ ರೆಕಾರ್ಡ್ ಆಫೀಸ್ ಎಂದು ಶುರುವಾದದ್ದು. ಅತಿ ಹಳೆಯ ಕಾಗದ ಸೂರತ್ತಿನ ಈಸ್ಟ್ ಇಂಡಿಯಾ ಕಂಪನಿ ಕೋಠಿಯದು, 1630ರದು.

ಇದಕ್ಕೂ ನರಗುಂದಕ್ಕೂ ಏನು ಸಂಬಂಧ? ಪೇಶ್ವೆಗಳು ಸೋತು 1818ರಲ್ಲಿ ಕಂಪನಿ ಆಡಳಿತ ಬಂತು. ಆಮೇಲೆ ಧಾರವಾಡ, ಬೆಳಗಾವಿ, ವಿಜಯಪುರ ಮುಂಬೈ ಪ್ರಾಂತಕ್ಕೆ ಸೇರಿದವು. ಮದ್ರಾಸಿನ ಕೆಳಗಿದ್ದ ಉತ್ತರ ಕನ್ನಡ 1862ರಲ್ಲಿ ಬಂತು. 1956ರ ನವೆಂಬರ್ 1ರವರೆಗೆ ನಮ್ಮ ರಾಜಧಾನಿ ಮುಂಬೈ. ಕೆರೆ ಒಡೆದರೆ, ಬರ ಬಿದ್ದರೆ, ಶಾಲೆ ಬೇಕಾದರೆ, ದಂಗೆಯಾದರೆ ಕಾಗದ ಬರುತ್ತಿದ್ದದ್ದು ಇಲ್ಲಿಗೆ. ಜಿಲ್ಲೆಗಳು ಮೈಸೂರು ರಾಜ್ಯಕ್ಕೆ ಹೋದವು. ಕಾಗದ ಇಲ್ಲೇ ಉಳಿಯಿತು.

ಹುಡುಗಿಯ ಗೈಡ್ ಪತ್ರ ಕೊಟ್ಟಿದ್ದರು. ನನ್ನ ಆಧಾರ್ ಕಾರ್ಡ್ ತೋರಿಸಿ, ಫಾರ್ಮ್ ತುಂಬಿ ಒಳಗೆ ಹೋದೆ. ಓದುವ ಕೋಣೆಯಲ್ಲಿ ಉದ್ದನೆ ಮೇಜುಗಳು, ಮೇಲೆ ಫ್ಯಾನು. ಮೊದಲು ಸೂಚಿ ನೋಡಬೇಕು, ಆಮೇಲೆ ಚೀಟಿ ಬರೆದು ಕೊಡಬೇಕು, ಆಮೇಲೆ ಕಾಯಬೇಕು. ಪುಡಿಯಾಗುವ ಹಂತಕ್ಕೆ ಬಂದ ಸಂಪುಟಗಳನ್ನು ಕೈಗೆ ಕೊಡುವುದಿಲ್ಲ. ಅದು ಸರಿಯೇ. ಕೊಟ್ಟರೆ ನನ್ನಂಥವನು ಪುಟ ತಿರುಗಿಸಿದ ಮೇಲೆ ಮುಂದಿನವನಿಗೆ ಏನೂ ಉಳಿಯುವುದಿಲ್ಲ.

ನಾನು ಉತ್ಸಾಹದಿಂದ, "ನರಗುಂದದ್ದು ಯಾವ ಕಪಾಟು?" ಎಂದೆ. ಅವಳು ನಕ್ಕಳು. ಇಲ್ಲಿ ಊರಿಗೊಂದು ಕಪಾಟಿಲ್ಲ, ಜಿಲ್ಲೆಗೂ ಇಲ್ಲ. ಇರುವುದು ಇಲಾಖೆ ಮತ್ತು ವರ್ಷ. ರೆವಿನ್ಯೂ ಇಲಾಖೆ, ಇಂಥ ವರ್ಷ, ಇಷ್ಟನೇ ಸಂಪುಟ. ಪೊಲಿಟಿಕಲ್, ಜುಡಿಶಿಯಲ್, ಶಿಕ್ಷಣ, ಎಲ್ಲವೂ ಹೀಗೇ. ನಿಮ್ಮ ಊರು ಬೇಕಾದರೆ ಆ ವರ್ಷ ಸರ್ಕಾರಕ್ಕೆ ನಿಮ್ಮ ಊರು ಯಾವ ತಲೆನೋವಾಗಿತ್ತು ಎಂದು ಮೊದಲು ಯೋಚಿಸಬೇಕು. ಕಂದಾಯದ ತಲೆನೋವೋ, ಪೊಲೀಸರ ತಲೆನೋವೋ? ಯಾವ ತಲೆನೋವೂ ಕೊಡದೆ ನೂರು ವರ್ಷ ತೆಪ್ಪಗಿದ್ದ ಊರು ಸೂಚಿಯಲ್ಲಿ ಸಿಗುವುದೇ ಕಷ್ಟ.

ನರಗುಂದ ತಲೆನೋವು ಕೊಟ್ಟಿತ್ತು. 1858ರ ಸೂಚಿಯಲ್ಲಿ ಊರ ಹೆಸರು ಸಿಕ್ಕಿತು. ನಮ್ಮ ಬಾಬಾಸಾಹೇಬ, ಅಂದರೆ ನರಗುಂದದ ಅರಸ ಭಾಸ್ಕರರಾವ್ ಭಾವೆ, ದತ್ತು ತೆಗೆದುಕೊಳ್ಳಲು ಒಪ್ಪಿಗೆ ಕೇಳಿದ್ದರು. ಸರ್ಕಾರ ಕೊಡಲಿಲ್ಲ. ಇನಾಮು ಭೂಮಿಯ ತಪಾಸಣೆ, ಆಯುಧ ಒಪ್ಪಿಸಿ ಎಂಬ ಹುಕುಂ ಬೇರೆ. ಆ ಮೇ ತಿಂಗಳ ಕೊನೆಗೆ ಪೊಲಿಟಿಕಲ್ ಏಜೆಂಟ್ ಮ್ಯಾನ್ಸನ್ ಕೊಲೆಯಾಯಿತು. ಜೂನ್‌ನಲ್ಲಿ ಬಾಬಾಸಾಹೇಬರನ್ನು ಬೆಳಗಾವಿಯಲ್ಲಿ ಗಲ್ಲಿಗೇರಿಸಿದರು. ಶಾಲೆಯಲ್ಲಿ ನಾವು ಪ್ರತಿ ವರ್ಷ ಭಾಷಣ ಮಾಡುತ್ತಿದ್ದ ವಿಷಯ ಇದು. ನನಗೆ ಇಲ್ಲಿ ಕೂತು ಹೊಳೆದದ್ದು ಬೇರೆ. ಬಾಬಾಸಾಹೇಬರ ಹತ್ತಿರ ಸಾವಿರಾರು ಸಂಸ್ಕೃತ ಗ್ರಂಥಗಳ ದೊಡ್ಡ ಭಂಡಾರ ಇತ್ತು. ದಂಗೆಯ ಗದ್ದಲದಲ್ಲಿ ಅದು ಹಾಳಾಗಿ ಹೋಯಿತು. ಅವರನ್ನು ಹಿಡಿದವರ ಕಾಗದ ಮಾತ್ರ ರಟ್ಟು ಹಾಕಿಸಿಕೊಂಡು, ನಂಬರು ಬರೆಸಿಕೊಂಡು ಇಲ್ಲಿ ಜೋಪಾನವಾಗಿದೆ. ಹೊಟ್ಟೆಯೊಳಗೆ ಒಂಥರಾ ಆಯಿತು.

ಹುಡುಗಿಗೆ ಬೇಕಾದ ಸಂಪುಟ ಬಂತು. 1840ರ ದಶಕದ ಹತ್ತಿ ಪತ್ರಗಳು. ತೆರೆದಾಗ ಹಳೆ ಗೋದಾಮಿನ ವಾಸನೆ. ಕಾಗದದ ಅಂಚು ಕಂದು, ನಡುವೆ ಇನ್ನೂ ತಿಳಿ ನೀಲಿ. ಹಾಳೆಯ ಅರ್ಧಕ್ಕೆ ಮಾತ್ರ ಬರೆದು ಇನ್ನರ್ಧ ಖಾಲಿ ಬಿಟ್ಟಿದ್ದಾರೆ, ಮೇಲಧಿಕಾರಿ ಟಿಪ್ಪಣಿ ಹಾಕಲು. ಶಾಯಿ ಕಬ್ಬಿಣದ್ದು, ಒತ್ತಿ ಬರೆದ ಅಕ್ಷರ ಹಿಂಬದಿಗೂ ಮೂಡಿದೆ. ಕೆಲವು ಕಡೆ ಶಾಯಿ ಕಾಗದವನ್ನೇ ತಿಂದು ಅಕ್ಷರದ ಆಕಾರದ ತೂತು ಬಿದ್ದಿದೆ. ಅವಳು ಪುಟ ತಿರುಗಿಸುವುದು ನೋಡಬೇಕು. ಎರಡೂ ಕೈಯಲ್ಲಿ, ಮೇಲಿನ ಮೂಲೆಯಿಂದ, ಉಸಿರು ಬಿಗಿಹಿಡಿದು. ಎದ್ದಾಗ ಮೇಜಿನ ಮೇಲೆ ಕಾಗದದ ಪುಡಿ ಉಳಿದಿತ್ತು.

ಅವಳ ಕಥೆ ಹೀಗಿದೆ. ಮ್ಯಾಂಚೆಸ್ಟರ್ ಗಿರಣಿಗಳಿಗೆ ಉದ್ದ ಎಳೆಯ ಹತ್ತಿ ಬೇಕಿತ್ತು. ನಮ್ಮ ಜವಾರಿ ಹತ್ತಿಯ ಎಳೆ ಗಿಡ್ಡ. ಅದಕ್ಕೆ ಕಂಪನಿ ಅಮೆರಿಕದಿಂದ ಹತ್ತಿ ಬೆಳೆಗಾರರನ್ನೇ ಕರೆಸಿತು. ಅವರಲ್ಲಿ ಮರ್ಸರ್ ಎಂಬುವನು ಹುಬ್ಬಳ್ಳಿ ಹತ್ತಿರದ ಕುಸುಗಲ್‌ನಲ್ಲಿ ಪ್ರಯೋಗದ ಹೊಲ ಮಾಡಿದ. ದೇಶದ ಎಷ್ಟೋ ಕಡೆ ಸೋತ ಅಮೆರಿಕನ್ ಬೀಜ ಧಾರವಾಡ ಜಿಲ್ಲೆಯಲ್ಲಿ ನಿಂತಿತು. ಅದನ್ನು ಹಿಂಜಲು, ಅಂದರೆ ಬೀಜ ಬಿಡಿಸಲು, ಗರಗಸದ ಹಲ್ಲಿನ ಜಿನ್ ಯಂತ್ರ ಬೇಕು. ಯಂತ್ರ ಕೆಟ್ಟರೆ ರಿಪೇರಿಗೆ ಧಾರವಾಡದಲ್ಲಿ ಕಾರ್ಖಾನೆ. ಮುಂಬೈ ಪೇಟೆಯಲ್ಲಿ ಈ ಹತ್ತಿಗೆ "ಧಾರವಾಡ ಅಮೆರಿಕನ್" ಎಂದು ಹೆಸರು ಬಿತ್ತು. ಜವಾರಿ ಹತ್ತಿಗೆ "ಕುಮಟಾ" ಎಂದು ಹೆಸರು, ಬೆಳೆದದ್ದು ಅಲ್ಲಲ್ಲ, ಹಡಗು ಹತ್ತಿದ್ದು ಅಲ್ಲಿ ಅನ್ನೋ ಕಾರಣಕ್ಕೆ. ಚಕ್ಕಡಿಗಳು ಘಟ್ಟ ಇಳಿದು ಕುಮಟೆಗೆ ಹೋಗುತ್ತಿದ್ದವು. ಉತ್ತರ ಕನ್ನಡ ಮದ್ರಾಸಿನಿಂದ ಮುಂಬೈಗೆ ವರ್ಗವಾದದ್ದರ ಹಿಂದೆಯೂ ಈ ಹತ್ತಿಯೇ ಇದೆ. ಹತ್ತಿ ಬೆಳೆಯುವ ಜಿಲ್ಲೆ ಒಂದು ಪ್ರಾಂತದಲ್ಲಿ, ಬಂದರು ಇನ್ನೊಂದು ಪ್ರಾಂತದಲ್ಲಿ ಇದ್ದರೆ ವ್ಯಾಪಾರಿಗಳಿಗೆ ಕಿರಿಕಿರಿ ಅಲ್ವಾ.

"ಇಷ್ಟೆಲ್ಲಾ ಪತ್ರದೊಳಗ ರೈತ ಎಲ್ಲಿ ಮಾತಾಡ್ಯಾನವಾ?" ಎಂದು ಕೇಳಿದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು ವಿವರಿಸಿದಳು. ರೈತ ಹೇಳಿದ್ದನ್ನು ಕುಲಕರ್ಣಿ ಬರೆಯುತ್ತಾನೆ, ಬಹಳ ಸಲ ಮರಾಠಿಯಲ್ಲಿ, ಮೋಡಿ ಎಂಬ ಹಳೆ ಓಡುಬರಹದ ಲಿಪಿಯಲ್ಲಿ. ಅದು ಮಾಮಲೇದಾರನಿಗೆ ಹೋಗುತ್ತದೆ. ಅಲ್ಲಿಂದ ಕಲೆಕ್ಟರ್ ಇಂಗ್ಲಿಷಿನಲ್ಲಿ ಎರಡು ಸಾಲು ಮಾಡುತ್ತಾನೆ. ಕಮಿಷನರ್ ಅದನ್ನು ಅರ್ಧ ಸಾಲು ಮಾಡಿ ಮುಂಬೈಗೆ ಕಳಿಸುತ್ತಾನೆ. ಇಲ್ಲಿ ತಲುಪುವಾಗ ಉಳಿದಿರುವುದು "ರೈತರಿಗೆ ಮನಸ್ಸಿಲ್ಲ" ಅನ್ನುವಷ್ಟೇ. ಯಾಕೆ ಮನಸ್ಸಿಲ್ಲ, ಯಾವ ರೈತ, ಯಾವ ಹೊಲ, ಅದೆಲ್ಲ ದಾರಿಯಲ್ಲಿ ಉದುರಿಹೋಗಿರುತ್ತದೆ.

1876ರ ಬರದ ಕಾಗದಗಳಲ್ಲೂ ಹೀಗೇ ಅಂತೆ. ಧಾತು, ಈಶ್ವರ ಸಂವತ್ಸರದ ಆ ಬರ ನಮ್ಮ ಕಡೆ ಊರಿಗೆ ಊರನ್ನೇ ಖಾಲಿ ಮಾಡಿತು. ಈಗಿನ ವಿಜಯಪುರ, ಬಾಗಲಕೋಟೆ ಸೇರಿ ಆಗ ಕಲಾದಗಿ ಜಿಲ್ಲೆ. 1872ರಲ್ಲಿ 8 ಲಕ್ಷ ದಾಟಿದ್ದ ಅಲ್ಲಿನ ಜನಸಂಖ್ಯೆ 1881ರ ಗಣತಿಗೆ ಸುಮಾರು 6.4 ಲಕ್ಷಕ್ಕೆ ಇಳಿದಿತ್ತು. ಕೂಲಿ ಎಷ್ಟು ಕೊಡಬೇಕು, ಗಂಜಿಗೆ ಎಷ್ಟು ಖರ್ಚು ಅನ್ನುವ ಚರ್ಚೆ ಪುಟಗಟ್ಟಲೆ ಸಿಗುತ್ತದೆ. ಸತ್ತವನ ಹೆಸರು ಸಿಗುವುದಿಲ್ಲ.

ಶನಿವಾರ

ಬೈಕಲಾದ ಭಾವು ದಾಜಿ ಲಾಡ್ ಮ್ಯೂಸಿಯಂ ಚಿಕ್ಕದು, ಚಂದ. ಹಸಿರು, ಬಂಗಾರದ ಬಣ್ಣದ ಚಾವಣಿ, ಕಬ್ಬಿಣದ ಕಂಬಗಳು. ಹಳೆ ಮುಂಬೈಯ ನಕ್ಷೆ, ಬೇರೆ ಬೇರೆ ಸಮುದಾಯದವರ ಮಣ್ಣಿನ ಗೊಂಬೆಗಳು. ಕೆಲಸ ಶುರುವಾದದ್ದು 1862ರಲ್ಲಿ. ಅಮೆರಿಕದಲ್ಲಿ ಅಂತರ್ಯುದ್ಧ ನಡೆಯುತ್ತಿತ್ತು, ಅಲ್ಲಿನ ಹತ್ತಿ ಇಂಗ್ಲೆಂಡಿಗೆ ಬರುತ್ತಿರಲಿಲ್ಲ. ನಮ್ಮ ಹತ್ತಿಗೆ ಬಂಗಾರದ ರೇಟು, ಮುಂಬೈ ಸೇಠುಗಳ ಕೈಯಲ್ಲಿ ಹಣವೋ ಹಣ. 1865ರಲ್ಲಿ ಯುದ್ಧ ಮುಗಿಯಿತು, ಹತ್ತಿ ರೇಟು ಬಿತ್ತು, ಶೇರು ಪೇಟೆ ಮುಳುಗಿತು. ಹಣವಿಲ್ಲದೆ ಮ್ಯೂಸಿಯಂ ಕೆಲಸ ನಿಂತಿತು. ಕೊನೆಗೆ ಸರ್ಕಾರ ಕೈಹಾಕಿ 1872ರಲ್ಲಿ ತೆರೆಯಿತು. ಆ ಬಂಗಾರದ ಬಣ್ಣ ನೋಡುವಾಗ ಇದರಲ್ಲಿ ನಮ್ಮ ಎರೆಹೊಲದ ಪಾಲೂ ಇದೆ ಅನ್ನಿಸಿದರೆ ತಪ್ಪಾ?

ಹೊರಗೆ ಘಾರಾಪುರಿಯ ಕಲ್ಲಿನ ಆನೆ ನಿಂತಿದೆ. ಆ ದ್ವೀಪಕ್ಕೆ ಎಲಿಫೆಂಟಾ ಎಂಬ ಹೆಸರು ಬರಲು ಕಾರಣವಾದ ಆನೆ. 1864ರಲ್ಲಿ ಇಂಗ್ಲೆಂಡಿಗೆ ಒಯ್ಯಲು ಹೋದರು. ಎತ್ತುವಾಗ ಕ್ರೇನ್ ಮುರಿಯಿತು, ಆನೆ ಚೂರಾಯಿತು. ಹಾಗಾಗಿ ಉಳಿಯಿತು! ಅಲ್ಲೇ ಉದ್ಯಾನದಲ್ಲಿ ಅಸಲಿ ಕಾಳಾ ಘೋಡಾ ಕೂಡ ಇದೆ, ಮೇಲೆ ಏಳನೇ ಎಡ್ವರ್ಡ್ ಸಮೇತ. 1965ರಲ್ಲಿ ಫೋರ್ಟಿನಿಂದ ಎತ್ತಿ ಇಲ್ಲಿಗೆ ತಂದದ್ದು. ನಿನ್ನೆ ನೋಡಿದ ಸವಾರನಿಲ್ಲದ ಕುದುರೆ 2017ರಲ್ಲಿ ನಿಲ್ಲಿಸಿದ ಹೊಸದು.

ಮಧ್ಯಾಹ್ನ ಏಷಿಯಾಟಿಕ್ ಸೊಸೈಟಿ. ಟೌನ್‌ಹಾಲ್‌ನ ಆ 30 ಮೆಟ್ಟಿಲು ಹತ್ತಿ ನನ್ನ ಮೊಣಕಾಲು ಮಾತಾಡಿದವು. ಇಲ್ಲಿಗೆ ಬರಬೇಕು ಅಂದದ್ದು ನಾನೇ, ಜೆ.ಎಫ್. ಫ್ಲೀಟ್ ಹೆಸರಿಗೆ. ಅವನು ಮುಂಬೈ ಪ್ರಾಂತದ ಐಸಿಎಸ್ ಅಧಿಕಾರಿ. ನಮ್ಮ ಕದಂಬ, ಚಾಲುಕ್ಯ, ರಟ್ಟರ ಶಾಸನ ಓದಿ ಇಲ್ಲಿನ ಪತ್ರಿಕೆಯಲ್ಲಿ ಅಚ್ಚು ಹಾಕಿಸಿದವನು. ಅದಕ್ಕಿಂತ ನನಗೆ ದೊಡ್ಡದು ಅವನ ಇನ್ನೊಂದು ಕೆಲಸ. ಬೆಳಗಾವಿ, ಧಾರವಾಡ ಕಡೆ ಹಾಡುತ್ತಿದ್ದ ಲಾವಣಿಗಳನ್ನು ಬರೆಸಿಕೊಂಡು 1880ರ ದಶಕದಲ್ಲಿ ಮುಂಬೈಯ ಇಂಡಿಯನ್ ಆಂಟಿಕ್ವರಿ ಪತ್ರಿಕೆಗೆ ಕೊಟ್ಟ. ಸಂಗೊಳ್ಳಿ ರಾಯಣ್ಣನ ಲಾವಣಿ, ಹಲಗಲಿ ಬೇಡರ ಲಾವಣಿ ನಮಗೆ ಉಳಿದದ್ದರಲ್ಲಿ ಅವನ ಪಾಲು ದೊಡ್ಡದು. ಶಾಲೆಯ ಪುಸ್ತಕದಲ್ಲಿ ಓದಿದ್ದು ಇದೇ.

1857ರ ಕೊನೆಗೆ ಹಲಗಲಿಯಲ್ಲಿ ಆಯುಧ ಕೊಡುವುದಿಲ್ಲ ಎಂದು ಬೇಡರು ನಿಂತರು. ಸರ್ಕಾರಿ ಪತ್ರಕ್ಕೆ ಅದು ಕಾನೂನು ಮುರಿದವರ ಗುಂಪು. ಲಾವಣಿಯಲ್ಲಿ ಹನುಮ, ಬಾಲ, ಜಡಗ, ರಾಮ ಎಂದು ಹೆಸರು ಹಿಡಿದು ಬರುತ್ತಾರೆ. ರೈತ ಎಲ್ಲಿ ಮಾತಾಡ್ಯಾನ ಎಂದು ನಿನ್ನೆ ಕೇಳಿದ್ದ ಪ್ರಶ್ನೆಗೆ ಉತ್ತರ ಕೊಟ್ಟವನೂ ಅದೇ ಸರ್ಕಾರದ ಸಂಬಳದ ಅಧಿಕಾರಿ. ಅವನನ್ನು ಹೊಗಳಬೇಕೋ ಬೇಡವೋ ಅಂತ ಹುಡುಗಿ ಮತ್ತು ನಾನು ಮೆಟ್ಟಿಲ ಮೇಲೆ ಕೂತು ಜಗಳ ಆಡಿದೆವು. ನಾನು ಹೊಗಳುವ ಕಡೆ.

ರಾತ್ರಿ ಭಾವ, ಅಕ್ಕನೂ ಮಾಟುಂಗಾಕ್ಕೆ ಬಂದು ಸೇರಿದರು. ಸ್ಟೇಷನ್ ಪಕ್ಕದ ರಾಮ ನಾಯಕರ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್, 1942ರದು. ಬಾಳೆ ಎಲೆ ಊಟ. ಪಲ್ಯ, ಸಾರು, ಅನ್ನ ಬಂದ ಮೇಲೆ ನಾನು ಹೇಳಿಯೇಬಿಟ್ಟೆ: "ಆ ಕಾಗದ ಎಲ್ಲಾ ನಮ್ಮವು. ಕೇಳಿ ಇಸಗೊಂಡು ಧಾರವಾಡಕ್ಕ ಒಯ್ಯಬೇಕು." ಭಾವನಿಗೆ ಜೋಶ್ ಬಂತು. "ಹೌದಲ್ಲಾ, ಒಂದ್ ಲಾರಿ ಸಾಕು" ಎಂದರು.

ಹುಡುಗಿ ಮಜ್ಜಿಗೆ ಲೋಟ ಕೆಳಗಿಟ್ಟಳು. "ಹೆಂಗ ಒಯ್ತೀರಿ ಅಪ್ಪಾ? ಒಂದ ಸಂಪುಟದಾಗ ಮೊದಲ್ನೇ ಪತ್ರ ಧಾರವಾಡದ್ದು. ಮುಂದಿನ ಹಾಳಿ ರತ್ನಾಗಿರಿದ್ದು. ಅದರ ಮುಂದ ಸೂರತ್ತಿಂದು. ಎಲ್ಲಾ ಒಂದ ದಾರದಾಗ ಹೊಲದಾರ. ನಮ್ಮದಷ್ಟ ಬೇಕಂದ್ರ ಹರೀಬೇಕು."

ಹಾಗಾದರೆ ಏನು ಮಾಡಬೇಕು? ಸ್ಕ್ಯಾನ್ ಮಾಡಿಸಿದರೆ ಅರ್ಧ ಕೆಲಸ ಎಂದಳು. ಇನ್ನರ್ಧ ಸೂಚಿ. ಇಲಾಖೆ ಹಿಡಿದು ಅಲ್ಲ, ಊರು ಹಿಡಿದು. ಕೆರೂರು, ಮುಂಡರಗಿ, ಹಲಗಲಿ, ನರಗುಂದ, ಹೀಗೆ. ಅದಕ್ಕೆ ಇಂಗ್ಲಿಷ್ ಕೈಬರಹ ಓದಬಲ್ಲವರು, ಮೋಡಿ ಬಲ್ಲವರು, ನಮ್ಮ ಊರುಗಳ ಹೆಸರು ಗೊತ್ತಿರುವವರು ಮೂವರೂ ಒಂದೇ ಮೇಜಿಗೆ ಕೂರಬೇಕು. ಮೊದಲಿನ ಇಬ್ಬರು ಮುಂಬೈ, ಪುಣೆಯಲ್ಲೇ ಸಿಗುತ್ತಾರಂತೆ.

"ಮೂರನೇದವರು?" ಎಂದರು ಭಾವ. ಅವಳು ನನ್ನ ಕಡೆ ನೋಡಿದಳು. ನಾನು ಇನ್ನೊಂದು ಸಲ ಸಾರು ಹಾಕಿಸಿಕೊಂಡೆ. ಭಾನುವಾರದ ವಾಪಸ್ ಟಿಕೆಟ್ ಕ್ಯಾನ್ಸಲ್ ಮಾಡಿದರೆ ಎಷ್ಟು ಹಣ ಕಟ್ ಆಗುತ್ತದೆ ಎಂದು ಭಾವ ಆಗಲೇ ಮೊಬೈಲ್ ತೆಗೆದು ನೋಡುತ್ತಿದ್ದರು.